ಹೊಟ್ಟೆ ತೊಳಸುವುದೆಲ್ಲ ಪಿತ್ತವಲ್ಲ

ಎಳ್ಳಮಾವಾಸ್ಯೆಯ ಮರುದಿನ ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಸುತ್ತಿನ ಊರುಗಳಲ್ಲಿ ಹೊಟ್ಟೆ ಉಬ್ಬರಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಲದಲ್ಲಿ ಕೂತು ಭಜ್ಜಿ ತಿಂದು ಅಂಬಲಿ ಕುಡಿದದ್ದು ಎಲ್ಲರಿಗೂ ನೆನಪಿರುತ್ತದೆ. ಹಸಿ ಕಾಳು, ಸೊಪ್ಪು, ತರಕಾರಿ ಒಂದೇ ಪಾತ್ರೆಯಲ್ಲಿ ಬೆಂದ ಆ ಭಜ್ಜಿ ಒಂದೆರಡು ದಿನ ಗದ್ದಲ ಮಾಡಿ ಸುಮ್ಮನಾಗುತ್ತದೆ. ಆದರೆ ವಾರಗಟ್ಟಲೆ “ಹೊಟ್ಟ್ಯಾಗ ತೊಳಸ್ಲಾಕತ್ತದ, ಎರಡು ತುತ್ತಿಗೇ ಹೊಟ್ಟಿ ತುಂಬತದ” ಎನ್ನುವ ಹೆಣ್ಣುಮಗಳಿಗೂ ಮನೆಯವರು ಕೊಡುವುದು ಅದೇ ಉತ್ತರ: ಪಿತ್ತ, ಇಲ್ಲವೇ ಗ್ಯಾಸ್. ಮೆಡಿಕಲ್ ಅಂಗಡಿಯ ಗುಳಿಗೆಯಲ್ಲಿ ತಿಂಗಳು ಕಳೆದುಹೋಗುತ್ತದೆ. ತೊಂದರೆ ಜಠರದ್ದಲ್ಲದೆ, ಅದರಿಂದ ಗೇಣು ಕೆಳಗಿರುವ ಅಂಡಾಶಯದ್ದೂ ಆಗಿರಬಹುದು.

ಅಂಡಾಶಯಗಳು ಎರಡು, ಗರ್ಭಚೀಲದ ಎಡಕ್ಕೊಂದು ಬಲಕ್ಕೊಂದು, ದಪ್ಪ ಬಾದಾಮಿಯಷ್ಟು. ಪ್ರತಿ ತಿಂಗಳೂ ಅಲ್ಲೊಂದು ನೀರುಗುಳ್ಳೆ ಎರಡು ಸೆಂಟಿಮೀಟರಿನಷ್ಟು ಬೆಳೆದು ಒಡೆಯುತ್ತದೆ, ಅಂಡಾಣು ಹೊರಬರುತ್ತದೆ. ಒಡೆಯದೆ ಬೆಳೆಯುತ್ತ ಹೋದರೆ, ಅಥವಾ ಒಡೆದ ಜಾಗದಲ್ಲಿ ಮತ್ತೆ ನೀರು ತುಂಬಿಕೊಂಡರೆ, ಅದೇ ಸಿಸ್ಟ್. ಇಂಥವು ಬಹುಪಾಲು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಆ ಹೊತ್ತಿನಲ್ಲಿ ಯಾರೋ ಕೊಟ್ಟ ಕಷಾಯ ಕುಡಿದಿದ್ದರೆ ಕೀರ್ತಿಯೆಲ್ಲ ಕಷಾಯಕ್ಕೆ! ಕರಗದೆ ಉಳಿಯುವ ಗುಳ್ಳೆಗಳೂ ಇವೆ. ಒಳಗೆ ಕೂದಲು, ಜಿಡ್ಡು ತುಂಬಿದ ಡರ್ಮಾಯ್ಡ್, ಹಳೆಯ ರಕ್ತ ಕಟ್ಟಿಕೊಂಡ ಚಾಕೊಲೇಟ್ ಸಿಸ್ಟ್ ಆ ಜಾತಿಯವು. ಪಿಸಿಓಎಸ್ ಎಂಬುದು ಬೇರೆಯೇ ತೊಂದರೆ. ಅಲ್ಲಿ ಸ್ಕ್ಯಾನಿಂಗಿನಲ್ಲಿ ಕಾಣುವ ಸಣ್ಣ ಗುಳ್ಳೆಗಳು ಬಲಿಯದೆ ನಿಂತ ಅಂಡಾಣು ಚೀಲಗಳು.

ಇದಕ್ಕೂ ಹೊಟ್ಟೆಗೂ ಏನು ನಂಟು? ದೊಡ್ಡ ಗುಳ್ಳೆ ಕರುಳನ್ನೂ ಮೂತ್ರಚೀಲವನ್ನೂ ಒತ್ತುತ್ತದೆ. ಮಲಬದ್ಧತೆ, ಉಬ್ಬರ, ಪದೇಪದೇ ಮೂತ್ರಕ್ಕೆ ಹೋಗುವುದು ಇದರಿಂದಲೇ. ಇನ್ನೂ ಬೆಳೆದರೆ ಜಠರಕ್ಕೂ ಜಾಗ ಕಡಿಮೆಯಾಗಿ ಅರ್ಧ ರೊಟ್ಟಿಗೇ ಸಾಕೆನಿಸುತ್ತದೆ. ಓಕರಿಕೆಗೆ ಇನ್ನೊಂದು ದಾರಿ ನರಗಳದ್ದು. ಅಂಡಾಶಯದ ನೋವನ್ನು ಒಯ್ಯುವ ನರಗಳೂ ಕರುಳಿನ ನರಗಳೂ ಬೆನ್ನುಹುರಿಯನ್ನು ಸೇರುವುದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ. ಹಾಗಾಗಿ ಅಂಡಾಶಯ ನೊಂದರೂ ಹೊಟ್ಟೆ ತೊಳಸುತ್ತದೆ, ಬಲಗಡೆಯ ನೋವು ಅಪೆಂಡಿಕ್ಸಿನದೆಂದು ಮೋಸಗೊಳಿಸುತ್ತದೆ. ಮುಟ್ಟಿನ ದಿನಗಳಲ್ಲಿ ಭೇದಿ ಕಾಣಿಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಕರುಳನ್ನೂ ಕೆರಳಿಸುವುದರಿಂದ. ಕೊನೆಗೆ, ಔಷಧಿಯೂ ತಪ್ಪಿತಸ್ಥನಾಗಬಹುದು. ನೋವಿನ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಜಠರ ಉರಿಯುತ್ತದೆ. ಪಿಸಿಓಎಸ್‌ಗೆ ಕೊಡುವ ಮೆಟ್‌ಫಾರ್ಮಿನ್, ಹಾರ್ಮೋನ್ ಗುಳಿಗೆಗಳೂ ಮೊದಮೊದಲು ಓಕರಿಕೆ ತರುತ್ತವೆ. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಹಗುರ. ತಾವಾಗಿ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು.

ಗುಳ್ಳೆಯೋ ಗಡ್ಡೆಯೋ ಎಷ್ಟು ದೊಡ್ಡದಾಗಬಲ್ಲದು ಎನ್ನುವುದಕ್ಕೆ ಅಮೆರಿಕದ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ಸಾಕ್ಷಿ. ಆಕೆಯ ಹೊಟ್ಟೆ ನೋಡಿದವರು ಬಸುರಿ ಎಂದುಕೊಂಡಿದ್ದರು. 1809ರ ಡಿಸೆಂಬರಿನಲ್ಲಿ ಎಫ್ರಾಯಿಮ್ ಮ್ಯಾಕ್‌ಡವೆಲ್ ಎಂಬ ವೈದ್ಯ ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಸುಮಾರು 10 ಕಿಲೋದ ಅಂಡಾಶಯದ ಗಡ್ಡೆಯನ್ನು ತೆಗೆದ. ಆಕೆ ಆಮೇಲೆ 30 ವರ್ಷಕ್ಕೂ ಹೆಚ್ಚು ಬದುಕಿದಳು. ಇವತ್ತು ಹೊಟ್ಟೆ ಕೊಯ್ಯದೆಯೇ ಒಂದು ಸ್ಕ್ಯಾನಿಂಗ್ ಅಳತೆ ಸಮೇತ ಹೇಳಿಬಿಡುತ್ತದೆ. ಅದಕ್ಕೂ ಮೊದಲು, ಮುಟ್ಟು ತಪ್ಪಿದ್ದರೆ ಗರ್ಭ ನಿಂತಿದೆಯೇ ಎಂದು ನೋಡಿಸಿ.

ಡಾಕ್ಟರು “ಕಾದು ನೋಡೋಣ” ಎಂದರೆ ಕಾಯುವ ದಿನಗಳಿಗೆ ಅಡುಗೆಮನೆಯೇ ಆಸರೆ. ಹೊತ್ತಿಗೆ ಎರಡು ರೊಟ್ಟಿ ಉಣ್ಣುವವರು ಒಂದೊಂದರಂತೆ ನಾಲ್ಕು ಸಲ ಉಣ್ಣಲಿ. ಕಡಕ್ ರೊಟ್ಟಿ, ಕೆಂಪು ಖಾರ, ಎಣ್ಣೆ ತೇಲುವ ಪಲ್ಯ ಸ್ವಲ್ಪ ದಿನ ದೂರವಿರಲಿ. ಮೆತ್ತನ್ನ ರೊಟ್ಟಿ, ಜೋಳದ ನುಚ್ಚು, ಮಜ್ಜಿಗೆ, ತೆಳು ಬೇಳೆ ಸಾಕು. ಬೆಳಗ್ಗೆ ಬರಿಹೊಟ್ಟೆಗೆ ಚಹಾ ಕುಡಿದು ಕೂಲಿಗೆ ಓಡುವುದು ಓಕರಿಕೆಗೆ ಆಮಂತ್ರಣ ಕೊಟ್ಟಂತೆ. ಶುಂಠಿ ಸ್ವಲ್ಪ ಮಟ್ಟಿಗೆ ತೊಳಸುವುದನ್ನು ತಗ್ಗಿಸುತ್ತದೆ, ಗುಳ್ಳೆಯನ್ನು ಕರಗಿಸುವುದಿಲ್ಲ. ನೀರು ಕುಡಿಯುವುದು, ಉಂಡಮೇಲೆ ನಾಲ್ಕು ಹೆಜ್ಜೆ ನಡೆಯುವುದು ಮಲಬದ್ಧತೆಗೆ ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಓಕರಿಕೆಯ ದಿನ, ನೋವಿನ ದಿನ ಗುರುತಿಸಿಡಿ. ಡಾಕ್ಟರಿಗೆ ನಿಮ್ಮ ಅರ್ಧ ಗಂಟೆಯ ಮಾತಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಕಾಯಲೇಬಾರದ ಸ್ಥಿತಿಯೂ ಒಂದುಂಟು. ಐದು ಸೆಂಟಿಮೀಟರು ದಾಟಿದ ಗುಳ್ಳೆಯ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳಬಹುದು. ಆಗ ರಕ್ತ ಸಂಚಾರ ನಿಲ್ಲುತ್ತದೆ. ಕಿಬ್ಬೊಟ್ಟೆಯ ಒಂದು ಬದಿಗೆ ಫಕ್ಕನೆ ಹಿಡಿದ ನೋವು, ಅದರೊಟ್ಟಿಗೆ ವಾಂತಿ ಇದರ ಗುರುತು. ಜ್ವರ, ತಲೆಸುತ್ತು, ಎಚ್ಚರ ತಪ್ಪುವುದು ಕಂಡರೂ ಕಾಯಬಾರದು. ಗ್ಯಾಸ್ ಗುಳಿಗೆ ಕೊಟ್ಟು ಬೆಳಗಾಗಲಿ ಎನ್ನಬೇಡಿ. 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಆಗುವ ಆಸ್ಪತ್ರೆಗೇ, ಹುಮನಾಬಾದಿನಲ್ಲಿ ಆಗದಿದ್ದರೆ ಬೀದರಿನ ಬ್ರಿಮ್ಸ್‌ಗೆ ಹೋಗಬೇಕು. ಕೆಲವೇ ಗಂಟೆಗಳಲ್ಲಿ ತಲುಪಿದರೆ ಅಂಡಾಶಯ ಉಳಿಯಬಹುದು. ಐವತ್ತು ದಾಟಿದವರಲ್ಲಿ ಉಬ್ಬರ, ಬೇಗ ಹೊಟ್ಟೆ ತುಂಬುವುದು ತಿಂಗಳಿಗೆ ಹನ್ನೆರಡು ಸಲಕ್ಕಿಂತ ಹೆಚ್ಚಾದರೆ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳುವುದೂ ಅಗತ್ಯ.

ಇನ್ನೊಂದು ಮಾತನ್ನು ಈ ಭಾಗದಲ್ಲಿ ಹೇಳದೆ ಬಿಡಲಾಗದು. ಗ್ಯಾಸ್ ಎಂದು ತಳ್ಳಿಹಾಕುವುದು ಒಂದು ತುದಿಯಾದರೆ, “ಗರ್ಭಚೀಲ ತೆಗೆಸಿಬಿಡು” ಎನ್ನುವುದು ಇನ್ನೊಂದು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವೆಂದು ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಚೀಲವನ್ನೇ ತೆಗೆದ ದೂರುಗಳು 2015ರ ಹೊತ್ತಿಗೆ ತನಿಖೆಗೆ ಬಂದವು. 2019ರಲ್ಲಿ ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳದೂ ಅದೇ ಕಥೆ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿತು. ಗುಳ್ಳೆ ಇರುವುದು ಅಂಡಾಶಯದಲ್ಲಿ. ಗರ್ಭಚೀಲ ತೆಗೆದರೆ ಗುಳ್ಳೆ ಹೋಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯಗಳೆರಡನ್ನೂ ತೆಗೆದರೆ ಎಲುಬುಗಳು ಟೊಳ್ಳಾಗುತ್ತವೆ. ಯಾರಾದರೂ ಹೀಗೆ ಅವಸರ ಮಾಡಿದರೆ ಸಹಿ ಹಾಕುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ.

ಸ್ಕ್ಯಾನಿಂಗ್ ರಿಪೋರ್ಟನ್ನು ಟ್ರಂಕಿನ ತಳಕ್ಕೆ ಹಾಕಿ ಮರೆಯಬೇಡಿ. ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ಯಿರಿ. ಹಳೆಯ ಅಳತೆ ಎದುರಿಗಿಲ್ಲದೆ ಗುಳ್ಳೆ ಕುಗ್ಗಿತೋ ಬೆಳೆಯಿತೋ ಯಾವ ಡಾಕ್ಟರೂ ಹೇಳಲಾರರು.