ಕೆಸರು ನೀರಲ್ಲೂ ಸಸ್ಪೆನ್ಷನ್, ಬೈಕಿನಲ್ಲೂ ಸಸ್ಪೆನ್ಷನ್!

‘ಸಸ್ಪೆನ್ಷನ್’ ಎಂಬ ಶಬ್ದ ಕಿವಿಗೆ ಬಿದ್ದರೆ ಒಂದೇ ಮನೆಯ ಮೂವರಿಗೆ ಮೂರು ಅರ್ಥ ಹೊಳೆಯಬಹುದು. ಸರ್ಕಾರಿ ನೌಕರಿಯ ಅಪ್ಪನಿಗೆ ಎದೆ ಝಲ್ಲೆನ್ನುತ್ತದೆ. ಹೈಸ್ಕೂಲಿನ ಮಗಳಿಗೆ ವಿಜ್ಞಾನದ ಪಾಠ ನೆನಪಾಗುತ್ತದೆ. ಕಾಲೇಜಿಗೆ ಹೋಗುವ ಮಗನ ಕಣ್ಣೆದುರು ಮಾತ್ರ ಗುಡ್ಡ ಹತ್ತುವ ಬೈಕೊಂದು ಬಂದು ನಿಲ್ಲುತ್ತದೆ.

ಮೂವರೂ ಸರಿಯೇ. ಲ್ಯಾಟಿನ್ ಭಾಷೆಯ ಮೂಲ ಧಾತುವಿಗೆ ‘ತೂಗುಹಾಕು’ ಎಂದರ್ಥ. ನೌಕರಿ ಹೋಗಿಯೂ ಇಲ್ಲ, ಇದ್ದೂ ಇಲ್ಲ ಎಂಬ ತೂಗುಯ್ಯಾಲೆ ಅಪ್ಪನ ಭಯ. ಕನ್ನಡದಲ್ಲಿ ಇದಕ್ಕೆ ‘ಅಮಾನತು’ ಎನ್ನುತ್ತೇವೆ. ಅದರ ಹಳೆಯ ಅರ್ಥ ಠೇವಣಿ ಎಂಬುದು ತಮಾಷೆ. ರಸಾಯನಶಾಸ್ತ್ರದ್ದು ‘ನಿಲಂಬನ’. ಬೈಕಿನದಕ್ಕೆ ಗ್ಯಾರೇಜಿನವರು ಸಸ್ಪೆನ್ಷನ್, ಶಾಕಬ್ಸರ್ ಎಂದೇ ಅನ್ನುತ್ತಾರೆ. ಹೆಸರು ಬೇರೆ ಬೇರೆಯಾದ್ದರಿಂದ ಇವುಗಳ ನೆಂಟಸ್ತನ ನಮಗೆ ಚಟ್ಟನೆ ಕಾಣುವುದಿಲ್ಲ.

ಆಷಾಢದಲ್ಲಿ ಹೊಳೆಗೆ ಹೊಸ ನೀರು ಬಂದಾಗ ಒಂದು ಗಾಜಿನ ಬಾಟಲಿ ತುಂಬಿಸಿ ಕಿಟಕಿಯಲ್ಲಿಡಿ. ಮರಳು ಕೂಡಲೇ ತಳ ಸೇರುತ್ತದೆ. ಕೆಂಪು ಬಣ್ಣ ಮಾತ್ರ ಮರುದಿನವೂ ಹೋಗಿರುವುದಿಲ್ಲ. ಏಕೆ? 1851ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದರ ಲೆಕ್ಕ ಕೊಟ್ಟ. ಕಣ ಕೆಳಗಿಳಿಯುವಾಗ ದ್ರವದ ಸ್ನಿಗ್ಧತೆ, ಅಂದರೆ ಅದರ ಅಂಟುತನ, ತಡೆಯೊಡ್ಡುತ್ತದೆ. ಕಣದ ಅಡ್ಡಳತೆ ಹತ್ತನೇ ಒಂದು ಪಾಲಾದರೆ ಇಳಿಯುವ ವೇಗ ನೂರನೇ ಒಂದು ಪಾಲಾಗುತ್ತದೆ. ಮಿಲಿಮೀಟರಿನ ಹತ್ತನೇ ಒಂದರಷ್ಟಿರುವ ಮರಳಿನ ಹರಳು ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಐವತ್ತನೇ ಒಂದರಷ್ಟಿರುವ ಜೇಡಿಯ ಕಣಕ್ಕೆ ಮೂರು ದಿನ ಬೇಕು! ಅದೂ ನೀರು ಅಲುಗದಿದ್ದರೆ.

ಜೇಡಿಯ ಕಣಗಳಿಗೆ ಇನ್ನೊಂದು ಗುಣವಿದೆ. ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಗುಂಪುಗೂಡುವುದಿಲ್ಲ. ಪಟಿಕ ಹಾಕಿದರೆ ಅದರಲ್ಲಿನ ಅಲ್ಯುಮಿನಿಯಂ ಈ ಜಗಳ ಬಿಡಿಸುತ್ತದೆ. ಕಣಗಳು ಗಂಟುಗಟ್ಟಿ ಭಾರವಾಗಿ ತಳ ಸೇರುತ್ತವೆ. ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ನಡೆಯುವುದೂ ಇದೇ. ಚಿಲ್ಲದ ಬೀಜವನ್ನು ತೇಯ್ದು ನೀರು ತಿಳಿಗೊಳಿಸುವ ಪದ್ಧತಿ ಸುಶ್ರುತ ಸಂಹಿತೆಯಷ್ಟು ಹಳೆಯದು. (ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ, ಕುದಿಸುವುದು ತಪ್ಪದು.)

ಈಗ ಬೈಕಿಗೆ ಬನ್ನಿ. ಇಲ್ಲಿ ತೂಗಿಕೊಂಡಿರುವುದು ಮಣ್ಣಿನ ಕಣವಲ್ಲ, ಸವಾರನೇ! ಚಕ್ರ ಕಲ್ಲು ಹತ್ತಿಳಿದರೂ ಸವಾರ ಸ್ಪ್ರಿಂಗಿನ ಮೇಲೆ ಹೆಚ್ಚು ಅಲುಗದೆ ಇರಬೇಕು. ಆದರೆ ಬರೀ ಸ್ಪ್ರಿಂಗ್ ಇದ್ದರೆ ಒಂದು ಗುಂಡಿಗೆ ಹತ್ತು ಸಲ ಕುಪ್ಪಳಿಸಬೇಕಾದೀತು. ಅದನ್ನು ತಡೆಯಲು ಒಳಗೆ ಎಣ್ಣೆಯಿದೆ. ಪಿಸ್ಟನ್ ಒತ್ತಿದಾಗ ಎಣ್ಣೆ ಸಣ್ಣ ತೂತುಗಳ ಮೂಲಕ ನುಸುಳಬೇಕು. ಎಷ್ಟು ಜೋರಾಗಿ ಒತ್ತಿದರೆ ಅಷ್ಟು ಪ್ರತಿರೋಧ. ನೆಗೆತದ ಶಕ್ತಿಯೆಲ್ಲ ಬಿಸಿಯಾಗಿ ಕರಗುತ್ತದೆ. ಬಾಟಲಿಯಲ್ಲಿ ಜೇಡಿಗೆ ಅಡ್ಡ ನಿಂತದ್ದೂ ದ್ರವದ ತಡೆಯೇ, ಇಲ್ಲಿ ಸ್ಪ್ರಿಂಗಿಗೆ ಲಗಾಮು ಹಾಕಿದ್ದೂ ಅದೇ.

ಸಸ್ಪೆನ್ಷನ್ ಇರುವುದು ಸೊಂಟದ ಸುಖಕ್ಕೆ ಎಂಬುದು ಅರ್ಧ ಮಾತು. ಚಕ್ರ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಎಳೆತವೂ ಇಲ್ಲ. 1970ರ ಸುಮಾರಿಗೆ ಮೋಟೊಕ್ರಾಸ್ ಬೈಕುಗಳ ಹಿಂಚಕ್ರ ಮೇಲೆ ಕೆಳಗೆ ಆಡುತ್ತಿದ್ದದ್ದು ನಾಲ್ಕು ಇಂಚಿನಷ್ಟು. ಬೆಲ್ಜಿಯಂನ ಎಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್ ಎರಡು ಶಾಕಬ್ಸರ್‌ಗಳ ಬದಲು ಒಂದನ್ನೇ ಸೀಟಿನ ಕೆಳಗೆ ಅಡಗಿಸುವ ಉಪಾಯ ಹೂಡಿದ. ಯಮಾಹಾ ಅದನ್ನು ಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೊಕಾನ್ ಆಂಡರ್‌ಸನ್ ಅದೇ ಬೈಕಿನಲ್ಲಿ 250 ಸಿ.ಸಿ. ವಿಶ್ವ ಚಾಂಪಿಯನ್ ಆದ. ಇಂದು ಆ ಆಟ ಸುಮಾರು ಒಂದು ಅಡಿ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಆ ವರ್ಷ ಬೊಲಿವಿಯಾದ ಉಯುನಿ ಉಪ್ಪುಬಯಲಿನಲ್ಲಿ ಮಳೆನೀರು ನಿಂತು, ಉಪ್ಪುನೀರು ಹೊಕ್ಕು ಹಲವರ ಬೈಕುಗಳು ಕೆಟ್ಟವು. ಉಪ್ಪುನೀರು ನಿಲಂಬನವಲ್ಲ, ದ್ರಾವಣ. ಎಷ್ಟು ದಿನ ಇಟ್ಟರೂ ತಳ ಸೇರದು.

ನಮ್ಮ ಹುಡುಗರಿಗೆ ಎದುರಾಗುವುದು ಕೆಸರು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗೆ ಮೆತ್ತಿದ ಕೆಸರು ಒಣಗಿದರೆ ನೀರು ಆರಿ ಹರಳು ಉಳಿಯುತ್ತದೆ. ಕೊಳವೆ ಮೇಲೆ ಕೆಳಗೆ ಆಡುವಾಗ ಆ ಹರಳು ರಬ್ಬರ್ ಸೀಲನ್ನು ಉಜ್ಜಿ ಗೀರುತ್ತದೆ. ಸೀಲು ಸೋರಿದ ಎಣ್ಣೆ ಇಳಿದು ಬ್ರೇಕ್ ಡಿಸ್ಕಿಗೆ ಮೆತ್ತಿದರೆ ಬ್ರೇಕು ಹಿಡಿಯದು. ಮಗನಿಗೆ ಬೈಕ್ ಕೊಡಿಸಿದ ಅಪ್ಪ ಅಮ್ಮ ನೋಡಬೇಕಾದ್ದು ಇಲ್ಲಿ. ಕೆಸರು ಹಸಿಯಿದ್ದಾಗಲೇ ಮಗ್ಗಿನಿಂದ ನೀರು ಹೊಯ್ದು ಒದ್ದೆ ಬಟ್ಟೆಯಲ್ಲಿ ಒರೆಸಲಿ; ಒತ್ತಡದ ಪೈಪನ್ನು ಸೀಲಿಗೆ ನೇರ ಹಿಡಿದರೆ ಮಣ್ಣು ಒಳಕ್ಕೇ ಹೋಗುತ್ತದೆ. ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಗ್ಯಾರೇಜಿಗೆ ಒಯ್ಯಬೇಕು.

ಅಲ್ಲಿ ಬಿಚ್ಚಿ ಸುರಿಯುವ ಹಳೆಯ ಎಣ್ಣೆಯನ್ನು ಒಂದಿಷ್ಟು ಬಾಟಲಿಯಲ್ಲಿ ಕೇಳಿ ತನ್ನಿ. ಬಣ್ಣ ಬೂದು. ಕೆಲವು ದಿನ ಅಲುಗಿಸದೆ ಇಟ್ಟರೆ ಸವೆದ ಲೋಹದ ಪುಡಿ, ಮಣ್ಣು ನಿಧಾನವಾಗಿ ತಳಕ್ಕಿಳಿಯುತ್ತವೆ. ಮಗಳು ಅದನ್ನು ಹೊಳೆನೀರಿನ ಬಾಟಲಿಯ ಪಕ್ಕದಲ್ಲೇ ಇಡಬಹುದು.