ಮ್ಯಾಂಡೇಟ್: ಕೈಗೆ ಒಪ್ಪಿಸಿದ್ದು ಎಷ್ಟು?

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ ಗೆದ್ದವರ ಬಾಯಲ್ಲಿ ಬರುವ ಮಾತು 'ಮ್ಯಾಂಡೇಟ್'. ಕನ್ನಡ ಪತ್ರಿಕೆಗಳು ಇದನ್ನು 'ಜನಾದೇಶ' ಎಂದವು. ಅನುವಾದ ಸೊಗಸಾಗಿಯೇ ಇದೆ: ಆದೇಶ ಜನರದು, ಪಾಲಿಸಬೇಕಾದವನು ಗೆದ್ದವನು. ಬಳಕೆಯಲ್ಲಿ ಮಾತ್ರ ಅದು ಗೆದ್ದವನಿಗೆ ಸಿಕ್ಕ ಪರವಾನಗಿಯಂತೆ ಕೇಳಿಸುವುದೇ ಹೆಚ್ಚು.

ಪದದ ಮೂಲ ಲ್ಯಾಟಿನ್. 'ಮಾನುಸ್' ಎಂದರೆ ಕೈ, 'ದಾರೆ' ಎಂದರೆ ಕೊಡುವುದು (ಸಂಸ್ಕೃತದ 'ದಾ' ಧಾತುವಿನ ನೆಂಟ). ರೋಮನ್ ಕಾನೂನಿನಲ್ಲಿ 'ಮಂದಾತುಮ್' ಒಂದು ಕರಾರು. ಒಬ್ಬನು ವಹಿಸಿದ ಕೆಲಸವನ್ನು ಇನ್ನೊಬ್ಬನು ಪ್ರತಿಫಲವಿಲ್ಲದೆ, ಹೇಳಿದ ಮಿತಿಯೊಳಗೆ ಮಾಡಿಕೊಡಬೇಕಿತ್ತು.

ಮಿತಿ ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮೀಬಿಯಾ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ, ತುರ್ಕಿಗಳ ಕೈತಪ್ಪಿದ ನಾಡುಗಳನ್ನು ರಾಷ್ಟ್ರಸಂಘ 'ಮ್ಯಾಂಡೇಟ್' ಹೆಸರಿನಲ್ಲಿ ಗೆದ್ದ ದೇಶಗಳಿಗೆ ವಹಿಸಿತು. ಅಲ್ಲಿನ ಜನರ ಏಳಿಗೆಗಾಗಿ ಎಂಬುದು ಷರತ್ತು. ಜನರ ಒಪ್ಪಿಗೆ ಮಾತ್ರ ಲೆಕ್ಕಕ್ಕಿರಲಿಲ್ಲ. ಹೀಗೆ 1920ರಲ್ಲಿ ನೈರುತ್ಯ ಆಫ್ರಿಕ ದಕ್ಷಿಣ ಆಫ್ರಿಕದ ಪಾಲಿಗೆ ಬಂತು. ಅದು ಅಲ್ಲಿಗೂ ತನ್ನ ವರ್ಣಭೇದ ನೀತಿಯನ್ನೇ ಒಯ್ದಿತು. ವಿಶ್ವಸಂಸ್ಥೆ 1966ರಲ್ಲಿ ಮ್ಯಾಂಡೇಟನ್ನು ರದ್ದುಪಡಿಸಿತು. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ದಕ್ಷಿಣ ಆಫ್ರಿಕ ಅಲ್ಲಿರುವುದು ಅಕ್ರಮ ಎಂದಿತು. ಆದರೂ ನಮೀಬಿಯಾ ಸ್ವತಂತ್ರವಾದದ್ದು 1990ರಲ್ಲಿ. ಕೈಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಹಿಡಿದದ್ದು 24 ವರ್ಷ!

ಬ್ಯಾಂಕಿನಲ್ಲೂ ಈ ಪದವುಂಟು. ತನ್ನ ಖಾತೆಯ ವ್ಯವಹಾರವನ್ನು ಬೇರೊಬ್ಬರಿಗೆ ವಹಿಸಿ ಗ್ರಾಹಕ ಕೊಡುವ ಪತ್ರವೂ ಮ್ಯಾಂಡೇಟೇ. ಬೇಡವೆನಿಸಿದ ದಿನ ಇನ್ನೊಂದು ಪತ್ರ ಬರೆದು ಅದನ್ನು ರದ್ದು ಮಾಡಬಹುದು. ಸಂಸದರನ್ನಾಗಲಿ ಶಾಸಕರನ್ನಾಗಲಿ ಹಾಗೆ ನಡುವೆಯೇ ಹಿಂದಕ್ಕೆ ಕರೆಸಿಕೊಳ್ಳುವ ಅವಕಾಶ ನಮ್ಮ ಸಂವಿಧಾನದಲ್ಲಿ ಮತದಾರನಿಗಿಲ್ಲ.