ಕಾಕ್ಕಪ್ಪೂ ಅಂದ್ರೆ ಯಾವ ಹೂ?

ಕಾಸರಗೋಡು: ಆಟಿಯ ಮಳೆ ಇಳಿದು ಚಿಂಗಂ ತಿಂಗಳು ಬರುವ ಹೊತ್ತಿಗೆ ಇಲ್ಲಿನ ಮುರಕಲ್ಲು ಪದವುಗಳ ಬಣ್ಣವೇ ಬೇರೆ. ನೀರು ಜಿನುಗುವ ತೆಳು ಮಣ್ಣಿನಲ್ಲಿ, ಗದ್ದೆಯಲ್ಲಿ ನೀಲಿ-ನೇರಳೆ ಹೂಗಳು ಅರಳಿ ನಿಲ್ಲುತ್ತವೆ. ಮಲಯಾಳದಲ್ಲಿ ಇದು ಕಾಕ್ಕಪ್ಪೂ. ಕಾಕ್ಕ ಅಂದ್ರೆ ಕಾಗೆ, ಪೂ ಅಂದ್ರೆ ಹೂ. ಅತ್ತಂನಿಂದ ತಿರುವೋಣಂವರೆಗೆ ಹತ್ತು ದಿನ ಅಂಗಳದಲ್ಲಿ ಹಾಕುವ ಪೂಕ್ಕಳಕ್ಕೆ ಹಿಂದಿನಿಂದಲೂ ಬಳಸುವ ಹೂವಿದು.

ಹೆಸರು ಸುಲಭ, ಗುರುತು ಹಿಡಿಯುವುದೇ ಕಷ್ಟ. ಏಕೆಂದರೆ ಕೇರಳದಲ್ಲಿ ಎರಡು ಬೇರೆ ಬೇರೆ ಗಿಡಗಳಿಗೆ ಈ ಹೆಸರಿದೆ. ಒಂದು ಟೊರೇನಿಯಾ. ಇದರ ಕಾಂಡದ ಎರಡೂ ಬದಿಗೆ ಜೋಡಿ ಜೋಡಿಯಾಗಿ ಹಸಿರೆಲೆ ಇರುತ್ತದೆ. ಇನ್ನೊಂದು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಇದರದು ದಾರದಂಥ ದಂಟು, ಹುಲ್ಲಿಗೋ ಭತ್ತದ ಪೈರಿಗೋ ಸುತ್ತಿಕೊಂಡು ಮೇಲೇರುತ್ತದೆ. ಎಲೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಹೂವಿನ ಕೆಳದಳದಲ್ಲಿ ಬಲೆಯಂಥ ಗೆರೆಗಳು, ಹಿಂದುಗಡೆ ಕೊಂಬಿನಂಥ ಮೊನೆ.

ನೋಡಲು ಇಷ್ಟು ಸಾಧು, ಆದರೆ ಮಾಂಸಾಹಾರಿ! ಯುಟ್ರಿಕ್ಯುಲಸ್ ಅಂದರೆ ಲ್ಯಾಟಿನ್‌ನಲ್ಲಿ ಸಣ್ಣ ತೊಗಲಿನ ಚೀಲ. ಒದ್ದೆ ಮಣ್ಣಿನೊಳಗೆ ಗಿಡಕ್ಕೆ ಅಂಥ ಪುಟ್ಟ ಚೀಲಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಬಾಯಿಗೆ ತಾಗಿದರೆ ಸಾಕು, ಚೀಲ ಅದನ್ನು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಸಾರವಿಲ್ಲದ ಮುರಕಲ್ಲಿನ ಮೇಲೆ ಗಿಡ ಬದುಕುವುದು ಹೀಗೆ.

ಇದೇ ಕುಲದ ಇನ್ನೊಂದು ಹೂ ಮಹಾರಾಷ್ಟ್ರದ ಸಾತಾರ ಬಳಿಯ ಕಾಸ್ ಪಠಾರದಲ್ಲಿದೆ. ಅಲ್ಲಿ ಅದಕ್ಕೆ ‘ಸೀತೇಚಿ ಆಸವೆ’, ಅಂದರೆ ಸೀತೆಯ ಕಣ್ಣೀರು ಎಂಬ ಹೆಸರು. ಜತ್ತ, ಅಕ್ಕಲಕೋಟೆ ಕಡೆಯಿಂದ ಅಲ್ಲಿಗೆ ಹೋದ ಕನ್ನಡಿಗರು ನೋಡಿರಲೂಬಹುದು. ಒಂದೂರಲ್ಲಿ ಕಾಗೆ, ಇನ್ನೊಂದೂರಲ್ಲಿ ಸೀತೆ!

ಈಗ ಪೂಕ್ಕಳಕ್ಕೆ ಗುಂಡ್ಲುಪೇಟೆಯ ಚೆಂಡುಹೂ ಲಾರಿಯಲ್ಲಿ ಬರುತ್ತದೆ. ಇತ್ತ ಪದವುಗಳಲ್ಲಿ ಕಲ್ಲಿನ ಕೋರೆ, ಗದ್ದೆಗಳಲ್ಲಿ ತೋಟ. ಒಮ್ಮೆ ಮುರಕಲ್ಲು ಕಡಿದು ತೆಗೆದರೆ ನೀರು ನಿಲ್ಲುವ ಆ ತೆಳು ಮಣ್ಣು ಮತ್ತೆ ಬರುವುದಿಲ್ಲ, ಹೂವೂ ಬರುವುದಿಲ್ಲ. ನೋಡದ ಹೂವಿನ ಹೆಸರನ್ನು ಮಕ್ಕಳು ನೆನಪಿಡುವುದಾದರೂ ಹೇಗೆ?

ಈ ಸಲ ಓಣಂ ರಜೆಯಲ್ಲಿ ಮಕ್ಕಳನ್ನು ಹತ್ತಿರದ ಪದವಿಗೆ ಕರೆದುಕೊಂಡು ಹೋಗಿ. ಹೂ ಕೀಳುವುದು ಬೇಡ, ಎಲೆ, ದಂಟು, ಗೆರೆ ನೋಡಲಿ. ಮನೆಯ ಅಜ್ಜಿ ಅದಕ್ಕೆ ಏನನ್ನುತ್ತಾರೆ ಕೇಳಿ. ಕನ್ನಡವಿರಲಿ, ತುಳುವಿರಲಿ, ಮಲಯಾಳವಿರಲಿ, ಊರು-ತಿಂಗಳ ಸಮೇತ ಬರೆದಿಡಿ.